ತಾರೆ ನೋಡಲು ಕತ್ತಲಿನ ಜಾಗ: ಕಾರವಾರ, ಶಿರಸಿ, ಗೋಕರ್ಣದ ಸುತ್ತ ಹುಡುಕುವ ಕ್ರಮ

"ಆಕಾಶಗಂಗೆ ನೋಡಬೇಕು, ಎಲ್ಲಿಗೆ ಹೋಗಲಿ?" ಡಿಸೆಂಬರ್ ಬಂತೆಂದರೆ ಹುಬ್ಬಳ್ಳಿಯವರೂ ಕೇಳುತ್ತಾರೆ, ಕಾರವಾರದವರೂ ಕೇಳುತ್ತಾರೆ. ಕೇಳುವವರಿಗೆ ಒಂದು ಊರಿನ ಹೆಸರು ಸಿಕ್ಕರೆ ಸಾಕು. ಆದರೆ ಹೆಸರು ಹೆಚ್ಚು ದಿನ ಬಾಳುವುದಿಲ್ಲ. ಕಳೆದ ವರ್ಷ ಕತ್ತಲಿದ್ದ ತೀರದಲ್ಲಿ ಈ ವರ್ಷ ಹೈಮಾಸ್ಟ್ ದೀಪ ನಿಂತಿರಬಹುದು, ಖಾಲಿ ಗುಡ್ಡದ ಮೇಲೆ ಹೋಂಸ್ಟೇ ಎದ್ದಿರಬಹುದು. ಹುಡುಕುವ ಕ್ರಮ ಗೊತ್ತಿದ್ದರೆ ಹೊಸ ಜಾಗವನ್ನು ನೀವೇ ಕಂಡುಕೊಳ್ಳುತ್ತೀರಿ.

ಮೊದಲು ಒಂದು ವಿಷಯ ತಲೆಯಲ್ಲಿರಲಿ. ಉತ್ತರ ಕನ್ನಡದ ಕರಾವಳಿಯಲ್ಲಿ ದಿಗಂತ ಧಾರಾಳ, ಕತ್ತಲಿಗೆ ಬರ. ಘಟ್ಟದ ಮೇಲೆ ಕತ್ತಲು ಧಾರಾಳ, ಆದರೆ ಮರ ಮತ್ತು ಗುಡ್ಡಗಳು ಆಕಾಶವನ್ನೇ ಮುಚ್ಚುತ್ತವೆ. ನಿಮ್ಮ ಹುಡುಕಾಟವೆಲ್ಲ ಈ ಎರಡು ಕೊರತೆಗಳಲ್ಲಿ ಒಂದನ್ನು ತುಂಬಿಕೊಳ್ಳುವ ಕೆಲಸ.

1. ಏನು ನೋಡಬೇಕು, ಯಾವ ತಿಂಗಳು?

ಎಲ್ಲರೂ ಎಡವುವುದು ಇಲ್ಲಿ. ಆಕಾಶಗಂಗೆಯ ದಟ್ಟ ಭಾಗ ಧನು ಮತ್ತು ವೃಶ್ಚಿಕ ರಾಶಿಗಳ ಕಡೆ ಇದೆ. ಡಿಸೆಂಬರ್‌ನಲ್ಲಿ ಸೂರ್ಯನೂ ಅದೇ ದಿಕ್ಕಿನಲ್ಲಿರುವುದರಿಂದ ಎಷ್ಟೇ ಕತ್ತಲಿರಲಿ, ಆ ಭಾಗ ಕಾಣದು. ಚಿತ್ರಗಳಲ್ಲಿ ನೋಡಿದ ಆ ದಟ್ಟ ಪಟ್ಟೆ ಬೇಕೆಂದರೆ ಮಾರ್ಚ್ ಮಧ್ಯದಲ್ಲಿ ಬೆಳಗಿನ ಜಾವ 4ಕ್ಕೆ ಏಳಬೇಕು. ಆಗ ಅದು ಆಗ್ನೇಯದಲ್ಲಿ ಮೂರು ಮುಷ್ಟಿ ಎತ್ತರದಲ್ಲಿರುತ್ತದೆ. (ಕೈ ನೀಳವಾಗಿ ಚಾಚಿ ಹಿಡಿದ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಮುಂದೆಯೂ ಇದೇ ಅಳತೆ.) ಏಪ್ರಿಲ್ ಮಧ್ಯದಲ್ಲಿ ಅದು ರಾತ್ರಿ 11ರ ಆಸುಪಾಸು ಹುಟ್ಟುತ್ತದೆ, ಮೇ ಮಧ್ಯದಲ್ಲಿ 9ರ ನಂತರ. ಮೇ ತಿಂಗಳಲ್ಲಿ ಮೋಡದ ಕಾಟ ಶುರುವಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಾತು ಬೇಡ, ಮಳೆಗಾಲ. ಅಕ್ಟೋಬರ್ ಮಧ್ಯದಲ್ಲಿ ಮಳೆ ಬಿಡುವು ಕೊಟ್ಟರೆ ಸಂಜೆ 7.30ಕ್ಕೆ ನೈಋತ್ಯದಲ್ಲಿ, ಕಡಲಿನ ಮೇಲೆ, ಅದೇ ದಟ್ಟ ಭಾಗ ಇನ್ನೊಮ್ಮೆ ಸಿಗುತ್ತದೆ. ಎರಡೂವರೆ ಗಂಟೆಯಲ್ಲಿ ಮುಳುಗಿಬಿಡುತ್ತದೆ.

ಹಾಗಂತ ಚಳಿಗಾಲ ವ್ಯರ್ಥವಲ್ಲ. ಆಕಾಶ ಅತ್ಯಂತ ತಿಳಿಯಾಗಿರುವುದು ನವೆಂಬರ್‌ನಿಂದ ಫೆಬ್ರವರಿವರೆಗೆ. ಕೃತ್ತಿಕೆ, ರೋಹಿಣಿ, ಮಹಾವ್ಯಾಧ (ಓರಿಯನ್), ಲುಬ್ಧಕ (ಸಿರಿಯಸ್) ಎಲ್ಲ ಆಕಾಶದಲ್ಲಿ ಎತ್ತರಕ್ಕೆ ಬರುತ್ತವೆ, ಆಕಾಶಗಂಗೆಯ ತೆಳು ತೋಳೂ ಅಲ್ಲೇ ಇದೆ. ಡಿಸೆಂಬರ್ 13-14ರ ಮಿಥುನ ಉಲ್ಕಾವೃಷ್ಟಿ ನಮ್ಮ ಜಿಲ್ಲೆಗೆ ಹೇಳಿ ಮಾಡಿಸಿದ್ದು. ಆಗಸ್ಟ್‌ನ ಪರ್ಸಿಡ್ ಉಲ್ಕೆಗಳನ್ನು ಮಳೆ ನುಂಗುತ್ತದೆ. ತ್ರಿಶಂಕು (ದಕ್ಷಿಣದ ಶಿಲುಬೆಯಾಕಾರದ ನಾಲ್ಕು ತಾರೆಗಳು) ಏಪ್ರಿಲ್ ಮೊದಲ ವಾರ ನಡುರಾತ್ರಿಗೆ, ಮೇ ಮೂರನೇ ವಾರ ರಾತ್ರಿ 9ಕ್ಕೆ ನೇರ ದಕ್ಷಿಣದಲ್ಲಿ ನೆಟ್ಟಗೆ ನಿಲ್ಲುತ್ತದೆ. ಅದರ ಕೆಳಗಿನ ತಾರೆ ಇಲ್ಲಿಂದ ದಿಗಂತಕ್ಕಿಂತ 12 ಡಿಗ್ರಿಯಷ್ಟೇ ಮೇಲಿರುತ್ತದೆ ಎಂಬುದನ್ನು ನೆನಪಿಡಿ. ಜಾಗ ಆರಿಸುವಾಗ ಈ ಅಂಕಿ ಮತ್ತೆ ಬೇಕಾಗುತ್ತದೆ.

2. ಗೋಡೆಯ ಪಂಚಾಂಗ ನೋಡಿ

ಚಂದ್ರನಿಗಾಗಿ ಬೇರೆ ಆ್ಯಪ್ ಬೇಕಿಲ್ಲ, ತಿಥಿ ಸಾಕು. ಬಹುಳ ಅಷ್ಟಮಿಯ ಚಂದ್ರ ನಡುರಾತ್ರಿಯ ಸುಮಾರಿಗೆ ಹುಟ್ಟುತ್ತಾನೆ, ಆಮೇಲೆ ದಿನಕ್ಕೆ ಸರಾಸರಿ 50 ನಿಮಿಷ ತಡ. ಆದ್ದರಿಂದ ಬಹುಳ ಅಷ್ಟಮಿಯಿಂದ ಶುದ್ಧ ತದಿಗೆಯವರೆಗಿನ ಹನ್ನೊಂದು-ಹನ್ನೆರಡು ರಾತ್ರಿಗಳಲ್ಲಿ ಊಟದ ಹೊತ್ತಿನ ಆಕಾಶ ಕತ್ತಲಾಗಿರುತ್ತದೆ. ಬೆಳಗಿನ ಜಾವ ಏಳುವವರಿಗೆ ಲೆಕ್ಕ ಬೇರೆ: ಶುದ್ಧ ಪಾಡ್ಯದಿಂದ ನವಮಿಯವರೆಗೂ ಚಂದ್ರ ಅಷ್ಟರೊಳಗೆ ಮುಳುಗಿರುತ್ತಾನೆ. ಮಾರ್ಚ್‌ನ ಆಕಾಶಗಂಗೆಗೆ ಅಮಾವಾಸ್ಯೆಯನ್ನೇ ಕಾಯುತ್ತ ಕೂರಬೇಕಿಲ್ಲ.

ಸೂರ್ಯ ಮುಳುಗಿದ ಮೇಲೂ ಒಂದೂಕಾಲು ಗಂಟೆ ಬಿಡಿ. ಅದಕ್ಕೂ ಮೊದಲು ಸಂಜೆಯ ಬೆಳಕು ಪೂರ್ತಿ ಹೋಗಿರುವುದಿಲ್ಲ.

ಪಂಚಾಂಗದ ಪಕ್ಕದಲ್ಲೇ ಊರಿನ ಕಾರ್ಯಕ್ರಮಗಳನ್ನೂ ನೋಡಿ. ದೀಪಾವಳಿ ಅಮಾವಾಸ್ಯೆಗೆ ಬೆಳಕೂ ಇದೆ, ಹೊಗೆಯೂ ಇದೆ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ನಡೆಯುವಾಗ ಶಿರಸಿಯ ಮೇಲಿನ ಆಕಾಶ ಹಳದಿ ತಿರುಗಿರುತ್ತದೆ. ನೀವು ಆರಿಸಿದ ಗದ್ದೆಯ ಪಕ್ಕದಲ್ಲೇ ಅಂದು ಯಕ್ಷಗಾನ ಬಯಲಾಟ ಇದ್ದರೆ ಆಟ ನೋಡಿ ಬನ್ನಿ, ತಾರೆ ನಾಳೆಗೂ ಇರುತ್ತವೆ.

3. ನಕ್ಷೆ ತೆರೆಯಿರಿ, ಆದರೆ ಪೂರ್ತಿ ನಂಬಬೇಡಿ

ಬೆಳಕಿನ ಮಾಲಿನ್ಯದ ನಕ್ಷೆಗಳು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಅವುಗಳಲ್ಲಿ ಮುಖ್ಯವಾಗಿ ಎರಡು ಪದರ ಇರುತ್ತವೆ. ಒಂದು, ಉಪಗ್ರಹ ಮೇಲಿನಿಂದ ಕಂಡ ದೀಪಗಳು. ಇದಕ್ಕೆ ವಿಐಐಆರ್‌ಎಸ್ ಎಂಬ ಹೆಸರಿರುತ್ತದೆ. ಇನ್ನೊಂದು, ಆ ದೀಪಗಳಿಂದ ನೆತ್ತಿಯ ಆಕಾಶ ಎಷ್ಟು ಬೆಳಗಾಗಬಹುದು ಎಂದು ಲೆಕ್ಕ ಹಾಕಿ 2016ರಲ್ಲಿ ಹೊರತಂದ ವಿಶ್ವ ನಕ್ಷೆ. ಜಾಗ ಆರಿಸಲು ಎರಡನೆಯದು, ದಿಕ್ಕು ತಿಳಿಯಲು ಮೊದಲನೆಯದು.

ನಕ್ಷೆಯ ಕಣ್ಣಿಗೆ ತಪ್ಪುವುದು ಎರಡು. ಆ ಉಪಗ್ರಹದ ಸಂವೇದಕ ನೀಲಿ ಬೆಳಕನ್ನು ಹಿಡಿಯುವುದಿಲ್ಲ, ಬಿಳಿ ಎಲ್‌ಇಡಿ ಬೀದಿದೀಪಗಳಲ್ಲಿ ನೀಲಿ ಅಂಶವೇ ಜಾಸ್ತಿ. ಜೊತೆಗೆ ಅದು ನಮ್ಮ ಮೇಲೆ ಹಾಯುವುದು ರಾತ್ರಿ ಒಂದೂವರೆಯ ಸುಮಾರಿಗೆ. ಸಂಜೆ 8ಕ್ಕೆ ಉರಿಯುವ ಅಂಗಡಿ ಸಾಲು, ಹೋಟೆಲು, ಅಂಗಳದ ಬಲ್ಬು ಅದರ ಲೆಕ್ಕದಲ್ಲಿಲ್ಲ. ಹಾಗಾಗಿ ಹೊಸದಾಗಿ ಎಲ್‌ಇಡಿ ಹಾಕಿದ ಊರು ನಕ್ಷೆಯಲ್ಲಿ ಇರುವುದಕ್ಕಿಂತ ಕಪ್ಪಾಗಿ ಕಾಣುತ್ತದೆ.

ಬಾರ್ಟ್ಲ್ ಮಾಪನ ಎಂಬ ಮಾತು ಅಲ್ಲಲ್ಲಿ ಕಾಣಿಸುತ್ತದೆ. ಜಾನ್ ಬಾರ್ಟ್ಲ್ 2001ರಲ್ಲಿ ಕೊಟ್ಟ ಒಂಬತ್ತು ಮೆಟ್ಟಿಲುಗಳ ಅಳತೆ ಅದು: 1 ಎಂದರೆ ಅಪ್ಪಟ ಕತ್ತಲು, 9 ಎಂದರೆ ಮಹಾನಗರದ ನಡುವು. ನಿಮಗೆ 4 ಸಿಕ್ಕರೂ ಆಕಾಶಗಂಗೆ ಕಾಣುತ್ತದೆ. 3 ಸಿಕ್ಕರೆ ಬಿಡಬೇಡಿ.

ಈಗ ಬಹಳ ಜನ ತಲೆಕೆಳಗಾಗಿ ತಿಳಿದಿರುವ ಸಂಗತಿ. ದೊಡ್ಡ ನಗರದಿಂದ ದೂರ ಹೋದರೆ ಸಾಕು ಎಂದುಕೊಳ್ಳುತ್ತಾರೆ. ಊರಿನ ಬೆಳಕು ಆಕಾಶಕ್ಕೆ ಹಿಡಿಯುವ ಮಬ್ಬು ದೂರದೊಂದಿಗೆ ಬಹಳ ಬೇಗ ಇಳಿಯುತ್ತದೆ. ದೂರ ಇಮ್ಮಡಿಯಾದರೆ ಮಬ್ಬು ಐದರಲ್ಲಿ ಒಂದು ಪಾಲಿಗೂ ಕಡಿಮೆ. ಅಮೆರಿಕದ ಖಗೋಳ ವಿಜ್ಞಾನಿ ಮರ್ಲ್ ವಾಕರ್ 1970ರ ದಶಕದಲ್ಲಿ ಕೊಟ್ಟ ಸೂತ್ರ ಇದು. ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ 2011ರ ಗಣತಿಯಲ್ಲಿ 9.4 ಲಕ್ಷ, ಶಿರಸಿಯದು 60 ಸಾವಿರದ ಆಸುಪಾಸು. ಶಿರಸಿಯಿಂದ 10 ಕಿ.ಮೀ. ಆಚೆ ನಿಂತವನ ನೆತ್ತಿಗೆ, 85 ಕಿ.ಮೀ. ದೂರದ ಹುಬ್ಬಳ್ಳಿಗಿಂತ ಶಿರಸಿಯೇ ಹತ್ತು ಪಟ್ಟಿಗೂ ಹೆಚ್ಚು ಮಬ್ಬು ಕೊಡುತ್ತದೆ. ಆದ್ದರಿಂದ ಹುಬ್ಬಳ್ಳಿಗೆ ಹೆದರಬೇಡಿ, ಪಕ್ಕದ ಪೇಟೆಗೆ ಹೆದರಿ. ಘಟ್ಟದ ಮೇಲೆ ಪೇಟೆಯಿಂದ 20 ಕಿ.ಮೀ. ಆಚೆ ಹೋದರೆ ದೊಡ್ಡ ಕೆಲಸ ಮುಗಿಯಿತು. ಹುಬ್ಬಳ್ಳಿಯ ಬೆಳಕು ಯಲ್ಲಾಪುರಕ್ಕೆ ಈಶಾನ್ಯದ ಅಂಚಿನಲ್ಲಿ ತೆಳುವಾಗಿ ಕಾಣಬಹುದು, ನೆತ್ತಿಯನ್ನು ಕೆಡಿಸದು.

4. ಬೆಳಕು ಬೆನ್ನಿಗಿರಲಿ

*ಕರಾವಳಿಯಲ್ಲಿ.* ನಮ್ಮ ತೀರ ವಾಯವ್ಯದಿಂದ ಆಗ್ನೇಯಕ್ಕೆ ಓರೆಯಾಗಿದೆ. ಹಾಗಾಗಿ ತೆರೆದ ಮರಳಿನ ಮೇಲೆ ನಿಂತು ನೇರ ದಕ್ಷಿಣಕ್ಕೆ ನೋಡಿದರೂ ಸಿಗುವುದು ನೀರೇ. ಇದು ಬಲು ದೊಡ್ಡ ಅನುಕೂಲ. ಅಗಸ್ತ್ಯ, ತ್ರಿಶಂಕು, ವೃಶ್ಚಿಕದ ಬಾಲ ಎಲ್ಲವೂ ಆ ಕಡೆಯೇ. ಪಶ್ಚಿಮ-ದಕ್ಷಿಣ ಕಡಲು, ಬೆನ್ನಿಗೆ ಗುಡ್ಡ, ಗುಡ್ಡದ ಆಚೆ ಹೆದ್ದಾರಿ: ಈ ಮೂರೂ ಕೂಡಿದ ಜಾಗ ಹುಡುಕಿ.

ಕಾರವಾರ ಪೇಟೆಯ ಟಾಗೋರ್ ಕಡಲತೀರದಲ್ಲಿ ಹೆದ್ದಾರಿ ಮರಳಿಗೆ ಅಂಟಿಕೊಂಡೇ ಇದೆ, ದಕ್ಷಿಣಕ್ಕೆ ಬೈತಖೋಲ್ ಬಂದರು. ಅಲ್ಲಿ ಗ್ರಹ ಮತ್ತು ಚಂದ್ರನನ್ನು ನೋಡಬಹುದು, ಅಷ್ಟೇ. ಉತ್ತರಕ್ಕೆ ಮಾಜಾಳಿ, ತಿಳಮಾತಿಯ ಕಡೆ ಹೋದರೆ ಪಶ್ಚಿಮ ಚೆನ್ನಾಗಿದೆ, ಆದರೆ ದಕ್ಷಿಣದ ಅಂಚಿನಲ್ಲಿ ಕಾರವಾರ, ಉತ್ತರದಲ್ಲಿ ಗೋವಾದ ಬೆಳಕು. ಬಿಣಗಾ, ಅರಗಾ ಸುತ್ತ ನೌಕಾನೆಲೆಯ ಪ್ರದೇಶ. ಅಲ್ಲಿ ರಾತ್ರಿ ದುರ್ಬೀನು, ಟ್ರೈಪಾಡ್ ಹಿಡಿದು ನಿಲ್ಲುವ ಯೋಚನೆಯೇ ಬೇಡ. ಕೈಗಾ ಸುತ್ತಲೂ ಹಾಗೆಯೇ.

ಕಾರವಾರದವರಿಗೆ ನನ್ನ ಸಲಹೆ, ಅಂಕೋಲಾ ದಾಟಿ. ಅಂಕೋಲಾ-ಕುಮಟಾ ನಡುವೆ ಹೆದ್ದಾರಿ 66 ಕಡಲು ಬಿಟ್ಟು ಹಿರೇಗುತ್ತಿ, ಮಿರ್ಜಾನ್ ಕಡೆ ಒಳಗೆ ಸರಿಯುತ್ತದೆ. ಬೆಳಂಬಾರ, ಮಂಜುಗುಣಿ, ಗೋಕರ್ಣದ ತೀರಗಳಿಗೆ ವಾಹನಗಳ ಬೆಳಕು ಅಷ್ಟಾಗಿ ತಟ್ಟದಿರುವುದು ಇದರಿಂದಲೇ. ಗೋಕರ್ಣದ ಓಂ, ಕುಡ್ಲೆ ತೀರಗಳಲ್ಲಿ ಅಂಗಡಿಗಳ ದೀಪ ಇರುತ್ತದೆ. ತೀರದ ತುದಿಗೆ ನಡೆದು ಬಂಡೆಯ ಮರೆಗೆ ಕುಳಿತರೆ ಅರ್ಧ ತೊಂದರೆ ಕಳೆಯುತ್ತದೆ. ಇನ್ನೊಂದು ಒಳ್ಳೆಯ ಆಯ್ಕೆ ಅಘನಾಶಿನಿ ಅಳಿವೆಯ ಗಜನಿ ಭೂಮಿ. ಉಪ್ಪುನೀರಿನ ಈ ಗದ್ದೆಗಳು ಕಗ್ಗ ಭತ್ತದ ಕೊಯ್ಲಾದ ಮೇಲೆ ನೀರು ತುಂಬಿ ಕನ್ನಡಿಯಂತೆ ಮಲಗಿರುತ್ತವೆ, ಸುತ್ತ ಒಂದು ತೆಂಗೂ ಅಡ್ಡ ಬರುವುದಿಲ್ಲ. ಅಗಲವಾದ ಗಟ್ಟಿ ಕಟ್ಟೆ ಇರುವಲ್ಲಿ ಮಾತ್ರ ನಿಲ್ಲಿ.

*ಘಟ್ಟದ ಮೇಲೆ.* ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರ. ಉಪ್ಪಿನ ತೇವದ ಪದರ ಕೆಳಗೇ ಉಳಿದು ತಾರೆಗಳು ಚೂಪಾಗಿ ಕಾಣುತ್ತವೆ. ಆದರೆ ಊರುಗಳೆಲ್ಲ ಕಣಿವೆಯಲ್ಲಿ, ಕಣಿವೆ ತುಂಬ ಅಡಿಕೆ ತೋಟ. ತೋಟದಲ್ಲಿ ನಿಂತು ಆಕಾಶ ಹುಡುಕುವುದು ಬಾವಿಯಲ್ಲಿ ಕುಳಿತಂತೆ. ಬೇಕಾಗಿರುವುದು ಬ್ಯಾಣ (ಮರವಿಲ್ಲದ ಹುಲ್ಲುಗಾವಲು), ಕೊಯ್ಲಾದ ಗದ್ದೆಬಯಲು, ಕೆರೆಯ ಏರಿ, ಶಾಲೆಯ ಮೈದಾನ. ಹುಲೇಕಲ್ ದಾಟಿ ವಾನಳ್ಳಿಯ ಕಡೆ ಕತ್ತಲು ಗಾಢ, ಆದರೆ ತೆರವು ಹುಡುಕಬೇಕು. ಬನವಾಸಿಯ ಕಡೆ ಬಯಲು ಸುಲಭ, ದೀಪಗಳು ತುಸು ಹೆಚ್ಚು. ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಬನವಾಸಿಯ ಬಯಲೇ ವಾಸಿ. ಜೋಯಿಡಾದಷ್ಟು ಕತ್ತಲು ಜಿಲ್ಲೆಯಲ್ಲಿ ಬೇರೆಡೆ ಸಿಗುವುದು ಕಷ್ಟ, ಆದರೆ ಅದರಲ್ಲಿ ಬಹುಪಾಲು ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಅಲ್ಲಿ ಅಧಿಕೃತ ವಸತಿಯ ಅಂಗಳದಿಂದಲೇ ನೋಡಬೇಕು. ಅರಬೈಲ್ ಘಟ್ಟದ ತಿರುವುಗಳಲ್ಲಿ ಕಾರು ನಿಲ್ಲಿಸುವುದು ಬೇಡವೇ ಬೇಡ. ರಾತ್ರಿಯಿಡೀ ಲಾರಿ ಓಡಾಡುವ ದಾರಿ ಅದು.

5. ಹಗಲಲ್ಲೇ ಹೋಗಿ ಅಳೆಯಿರಿ

ಹೊಸ ಜಾಗಕ್ಕೆ ಮೊದಲ ಸಲ ರಾತ್ರಿ ಹೋಗಬಾರದು. ಸಂಜೆ 4ಕ್ಕೆ ಹೋಗಿ, ದಿಕ್ಸೂಚಿ ಹಿಡಿದು ದಕ್ಷಿಣಕ್ಕೆ ತಿರುಗಿ ಮುಷ್ಟಿ ಚಾಚಿ. ಮರದ ತುದಿ ಅರ್ಧ ಮುಷ್ಟಿಗಿಂತ ಕೆಳಗಿದ್ದರೆ ತ್ರಿಶಂಕು ಸಿಗುತ್ತದೆ, ಒಂದೂಕಾಲು ಮುಷ್ಟಿಯಾದರೆ ಕೆಳಗಿನ ತಾರೆ ಹೋಯಿತು. 15 ಮೀಟರ್ ಎತ್ತರದ ಅಡಿಕೆ ಮರದ ತುದಿ ಅರ್ಧ ಮುಷ್ಟಿಗೆ ಇಳಿಯಬೇಕಾದರೆ ನೀವು ತೋಟದಿಂದ 170 ಮೀಟರ್ ಹಿಂದೆ ಸರಿಯಬೇಕು. ಉತ್ತರದ ಮರಗಳ ಚಿಂತೆ ಅಷ್ಟಾಗಿ ಬೇಡ. ಧ್ರುವತಾರೆ ಇಲ್ಲಿಂದ ಒಂದೂವರೆ ಮುಷ್ಟಿ ಎತ್ತರದಲ್ಲಷ್ಟೇ ಇರುವುದರಿಂದ ಆ ಕಡೆ ಕಳೆದುಕೊಳ್ಳುವುದು ಕಡಿಮೆ.

ಇಷ್ಟನ್ನು ಬರೆದುಕೊಳ್ಳಿ: ಹತ್ತಿರದ ಬೀದಿದೀಪ ಎಷ್ಟು ಹೆಜ್ಜೆ ದೂರ, ಗಾಡಿ ಎಲ್ಲಿ ತಿರುಗಿಸಬಹುದು, ಮೊಬೈಲ್ ಸಿಗ್ನಲ್ ಎಲ್ಲಿಯವರೆಗೆ ಇದೆ, ಬೇಲಿ, ಬಾವಿ, ಕಾಲುವೆ ಎಲ್ಲಿವೆ.

ಕಡಲತೀರವಾದರೆ ಇನ್ನೊಂದು. ಅಮಾವಾಸ್ಯೆಯ ಆಕಾಶ ಕತ್ತಲು, ಅದೇ ದಿನಗಳಲ್ಲಿ ಉಬ್ಬರವೂ ದೊಡ್ಡದು. ಸಂಜೆ ನಡೆದು ದಾಟಿದ ಬಂಡೆಯ ಬುಡ ನಡುರಾತ್ರಿ ನೀರಿನಲ್ಲಿರಬಹುದು. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು ಹನ್ನೆರಡೂವರೆ ಗಂಟೆ. ವೇಳಾಪಟ್ಟಿ ನೋಡಿ, ಅಲ್ಲಿಯ ಮೀನುಗಾರರನ್ನೂ ಕೇಳಿ. ಗುಡ್ಡಗಳ ನಡುವಿನ ಸಣ್ಣ ತೀರಗಳಿಗೆ ಈ ಎರಡೂ ಮಾಡದೆ ಇಳಿಯಬೇಡಿ.

6. ಕೇಳಿ ಹೋಗಿ

ಯಾಣ, ಜಲಪಾತಗಳಂಥ ಅರಣ್ಯ ಇಲಾಖೆಯ ತಾಣಗಳು ಸಂಜೆಗೆ ಮುಚ್ಚುತ್ತವೆ, ಕಾಡಿನೊಳಗೆ ರಾತ್ರಿ ಅನುಮತಿಯಿಲ್ಲದೆ ಹೋಗುವುದು ಅಪರಾಧ. ಗದ್ದೆ, ಬ್ಯಾಣವಾದರೆ ಮಾಲೀಕರನ್ನು ಹಗಲೇ ಕಂಡು ಮಾತಾಡಿ. "ರಾತ್ರಿ 8ರಿಂದ 11ರವರೆಗೆ ನಾಲ್ಕು ಜನ ಇರುತ್ತೇವೆ, ಬೆಂಕಿ ಹಾಕುವುದಿಲ್ಲ" ಎಂದು ಸ್ಪಷ್ಟವಾಗಿ ಹೇಳಿದರೆ ಬೇಡ ಎನ್ನುವವರು ಕಡಿಮೆ. ನಾಯಿ ಕಟ್ಟಿಹಾಕುವುದಕ್ಕೂ ಅವರಿಗೆ ಗೊತ್ತಿರಬೇಕಲ್ಲ. ತೀರದಲ್ಲಿ ಪೊಲೀಸರು ಬಂದು ಕೇಳಿದರೆ ದುರ್ಬೀನು ಕೊಟ್ಟು ತೋರಿಸಿ. ಠಾಣೆಗೆ ಮೊದಲೇ ತಿಳಿಸಿದ್ದರೆ ಇನ್ನೂ ಒಳ್ಳೆಯದು.

7. ಮೊದಲ ರಾತ್ರಿ: ಜಾಗದ ಪರೀಕ್ಷೆ

ತಲುಪಿದ ಮೇಲೆ 30 ನಿಮಿಷ ಯಾವ ಬಿಳಿ ಬೆಳಕನ್ನೂ ನೋಡಬೇಡಿ. ಕಣ್ಣು ಕತ್ತಲಿಗೆ ಪೂರ್ತಿ ಒಗ್ಗಲು ಅಷ್ಟು ಹೊತ್ತು ಬೇಕು, ಮೊಬೈಲ್ ಒಮ್ಮೆ ತೆರೆದರೆ ಮತ್ತೆ ಮೊದಲಿನಿಂದ ಶುರು. ಟಾರ್ಚಿಗೆ ಕೆಂಪು ಜಿಲೇಟಿನ್ ಹಾಳೆಯನ್ನು ಮೂರು ಮಡಿಕೆ ಮಾಡಿ ರಬ್ಬರ್ ಬ್ಯಾಂಡ್ ಹಾಕಿ. ಒಂದೇ ಮಡಿಕೆ ಸಾಲದು, ಎಲ್‌ಇಡಿ ಬೆಳಕು ಗುಲಾಬಿಯಾಗಿ ಸೋರುತ್ತದೆ. ಕಾರಿನ ಬಾಗಿಲು ತೆರೆದಾಗ ಹೊತ್ತುವ ಒಳದೀಪವನ್ನು ಮೊದಲೇ ಆರಿಸಿಡಿ.

ನಂತರ ಪರೀಕ್ಷೆ. ನವೆಂಬರ್-ಡಿಸೆಂಬರ್ ಸಂಜೆಗೆ ನೆತ್ತಿಯ ಬಳಿ ಪೂರ್ವಾಭಾದ್ರ-ಉತ್ತರಾಭಾದ್ರದ ನಾಲ್ಕು ತಾರೆಗಳು ದೊಡ್ಡ ಚೌಕ ಕಟ್ಟುತ್ತವೆ. ಚೌಕದ ಒಳಗೆ ಬರಿಗಣ್ಣಿಗೆ ಕಾಣುವ ತಾರೆ ಎಣಿಸಿ. ಒಂದೂ ಇಲ್ಲದಿದ್ದರೆ ಜಾಗ ಬದಲಿಸಿ, ಹತ್ತು ದಾಟಿದರೆ ಆ ಜಾಗವನ್ನು ಕಾಪಾಡಿಕೊಳ್ಳಿ. ಫೆಬ್ರವರಿ-ಮಾರ್ಚ್‌ನಲ್ಲಿ ಪುನರ್ವಸುವಿನ ಜೋಡಿಗೂ ಮಖೆಗೂ ನಡುವೆ ಪುಷ್ಯದ ಗೊಂಚಲು ಹತ್ತಿಯ ಎಸಳಿನಂತೆ ಕಂಡರೆ ಆಕಾಶ ಚೆನ್ನಾಗಿದೆ. ಅದೇ ತಿಂಗಳುಗಳಲ್ಲಿ ಕರಾವಳಿಯವರಿಗೆ ಇನ್ನೂ ಸೊಗಸಾದ ಪರೀಕ್ಷೆಯೊಂದಿದೆ. ಸಂಜೆಯ ಬೆಳಕು ಹೋದ ಮೇಲೆ ಕಡಲಿನಿಂದ ಬಹುತೇಕ ನೆಟ್ಟಗೆ ಮೇಲೇಳುವ ಮಂದ ಗೋಪುರದಂಥ ಬೆಳಕು ಕಾಣುತ್ತದೆಯೇ ನೋಡಿ. ಸೂರ್ಯನ ಸುತ್ತ ಹರಡಿದ ನುಣ್ಣನೆಯ ಧೂಳು ಹೊಳೆಯುವುದು ಅದು, ರಾಶಿಬೆಳಕು. ಯಾವುದೋ ಊರಿನ ಬೆಳಕೆಂದು ತಿಳಿದು ನಿರಾಶರಾಗಬೇಡಿ, ಪಶ್ಚಿಮದಲ್ಲಿ ಊರೇ ಇಲ್ಲ. ಅದು ಕಂಡರೆ ನಿಮ್ಮ ಜಾಗ ಗೆದ್ದಿತು.

ಕೊನೆಗೆ ಮೊಬೈಲನ್ನು ಕಲ್ಲಿಗೆ ಆನಿಸಿಟ್ಟು ನಾಲ್ಕು ದಿಕ್ಕಿಗೂ ಹತ್ತು-ಹದಿನೈದು ಸೆಕೆಂಡಿನ ಒಂದೊಂದು ಚಿತ್ರ ತೆಗೆಯಿರಿ. ಕಣ್ಣು ಮರೆತದ್ದನ್ನು ಚಿತ್ರ ಹೇಳುತ್ತದೆ: ಯಾವ ದಿಕ್ಕಿನ ಅಂಚು ಕಿತ್ತಳೆ, ಯಾವುದು ಕಪ್ಪು. ತಿಥಿ, ಗಂಟೆ, ಎಣಿಸಿದ ತಾರೆಗಳ ಜೊತೆ ಇಟ್ಟುಕೊಳ್ಳಿ. ಮುಂದಿನ ವರ್ಷ ಹೋಲಿಸಲು ಬೇಕು.

ಕೈಯಲ್ಲಿ ಏನಿರಬೇಕು

ಚಾಪೆ, ಅದರಡಿಗೆ ತಾಡಪತ್ರಿ, ಕಂಬಳಿ, ಗಂಬೂಟು, ಕುಡಿಯುವ ನೀರು. ಟೆಲಿಸ್ಕೋಪ್ ಕೊಳ್ಳಲು ಅವಸರ ಬೇಡ. 7×50 ಅಥವಾ 10×50 ದುರ್ಬೀನು (ಮೊದಲ ಅಂಕಿ ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದು, ಎರಡನೆಯದು ಮುಂದಿನ ಗಾಜಿನ ಅಗಲ ಮಿಲಿಮೀಟರಿನಲ್ಲಿ) ಎರಡು ವರ್ಷಕ್ಕೆ ಸಾಕಷ್ಟು ಕೆಲಸ ಕೊಡುತ್ತದೆ.

ಕೆಡಿಸುವ ಸಂಗತಿಗಳು

ಇಬ್ಬನಿ. ಘಟ್ಟದ ಮೇಲೆ ಡಿಸೆಂಬರ್-ಜನವರಿಯಲ್ಲಿ ರಾತ್ರಿ 10ರ ಹೊತ್ತಿಗೆ ಕಂಬಳಿ ಒದ್ದೆ, ಗಾಜು ಮಬ್ಬು. "ಮೋಡ ಬಂತು" ಎಂದು ಎದ್ದುಹೋಗುವವರಲ್ಲಿ ಅರ್ಧ ಜನರ ದುರ್ಬೀನಿನ ಮೇಲೆ ಇಬ್ಬನಿ ಕೂತಿರುತ್ತದೆ. ಟಾರ್ಚ್ ಹಾಯಿಸಿ ಗಾಜು ನೋಡಿ. ಬಟ್ಟೆಯಿಂದ ಒರೆಸಿದರೆ ಗೀರು ಬೀಳುತ್ತದೆ. ಅಂಗಿಯೊಳಗೆ ಮೈಗೆ ಒತ್ತಿ ಐದು ನಿಮಿಷ ಇಟ್ಟರೆ ತಾನೇ ಆರುತ್ತದೆ. ಮುಂಗಾಜಿಗೆ ಅದರ ಅಗಲದ ಒಂದೂವರೆ ಪಟ್ಟು ಉದ್ದದ ಕಪ್ಪು ರಟ್ಟಿನ ಕೊಳವೆ ಸುತ್ತಿದರೆ ಇಬ್ಬನಿ ತಡವಾಗಿ ಹಿಡಿಯುತ್ತದೆ. ನಡುರಾತ್ರಿಯ ನಂತರ ಕಣಿವೆಗಳಲ್ಲಿ ಮಂಜು ತುಂಬುತ್ತದೆ, ಎತ್ತರದ ಬ್ಯಾಣಕ್ಕೆ ಹೋದವರು ಬಚಾವು.

ಹೊಗೆ. ಅಡಿಕೆ ಬೇಯಿಸುವ ದಿನಗಳಲ್ಲಿ ಒಲೆಯ ಹೊಗೆ ಕಣಿವೆಯಲ್ಲೇ ನಿಲ್ಲುತ್ತದೆ, ಅಡಿಕೆ ಸುಲಿಯುವ ಅಂಗಳದಲ್ಲಿ ತಡರಾತ್ರಿವರೆಗೂ ಬಲ್ಬು ಉರಿಯುತ್ತದೆ. ಫೆಬ್ರವರಿಯ ನಂತರ ದರಕಿಗೆ (ಉದುರಿದ ಒಣ ಎಲೆಗಳಿಗೆ) ಬಿದ್ದ ಬೆಂಕಿಯ ಹೊಗೆ. ಏಪ್ರಿಲ್-ಮೇ ತಿಂಗಳ ಒಂದು ಬೇಸಿಗೆ ಮಳೆ ಇದನ್ನೆಲ್ಲ ತೊಳೆದುಬಿಡುತ್ತದೆ. ಮಳೆ ಬಿದ್ದ ಮಾರನೆಯ ರಾತ್ರಿ ಆಕಾಶ ತೆರವಾಗಿದ್ದರೆ ಉಳಿದ ಕೆಲಸ ಬಿಟ್ಟು ಹೊರಡಿ, ತ್ರಿಶಂಕುವಿಗೆ ಅದಕ್ಕಿಂತ ಒಳ್ಳೆಯ ರಾತ್ರಿ ಇಲ್ಲ. ಕರಾವಳಿಯಲ್ಲಿ ಚಳಿಗಾಲದ ರಾತ್ರಿ ಭೂಮಿಯ ಕಡೆಯಿಂದ ಒಣಗಾಳಿ ಬೀಸತೊಡಗಿದ ಮೇಲೆ ಆಕಾಶ ತಿಳಿಯಾಗುತ್ತದೆ. 8ಕ್ಕೆ ಮಂಕಾಗಿದ್ದರೂ 11ರವರೆಗೆ ಕಾಯಿರಿ.

ಪ್ರಾಣಿಗಳು. ಹುಲ್ಲಿನಲ್ಲಿ ಮಂಡಲದ ಹಾವು ಇರುತ್ತದೆ. ಚಾಪೆ ಹಾಸುವ ಮೊದಲು ಬೆಳಕು ಬಿಟ್ಟು ನೋಡಿ, ಬರಿಗಾಲು ಬೇಡ. ಅಕ್ಟೋಬರ್‌ವರೆಗೂ ಉಂಬಳ (ಜಿಗಣೆ). ಮುಂಡಗೋಡ, ಯಲ್ಲಾಪುರ, ಹಳಿಯಾಳದ ಕಡೆ ಭತ್ತದ ಕೊಯ್ಲಿನ ಕಾಲದಲ್ಲಿ ಆನೆ ಬರುತ್ತವೆ, ಆ ವಾರ ಆನೆ ಕಂಡಿತ್ತೇ ಎಂದು ಊರವರನ್ನು ಕೇಳದೆ ಬಯಲಿಗೆ ಇಳಿಯಬೇಡಿ. ಒಬ್ಬರೇ ಹೋಗಬೇಡಿ, ಮನೆಯಲ್ಲಿ ಜಾಗ ಮತ್ತು ವಾಪಸಾಗುವ ಸಮಯ ಹೇಳಿಡಿ. ತುರ್ತಿಗೆ 112.

ಚಳಿಗಾಲದಲ್ಲಿ ನಮ್ಮ ತೀರಗಳಿಗೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಬಿಳಿ ಬೆಳಕು ಕಂಡರೆ ತಾಯಿ ಆಮೆ ಮೊಟ್ಟೆಯಿಡದೆ ತಿರುಗಿಹೋಗಬಹುದು, ಮರಿಗಳು ಕಡಲು ಬಿಟ್ಟು ದೀಪದ ಕಡೆ ಹರಿಯುತ್ತವೆ. ಆಮೆ ಕಂಡರೆ ದೂರ ಸರಿದು ಕೆಂಪು ಟಾರ್ಚನ್ನೂ ಆರಿಸಿ, ಅರಣ್ಯ ಇಲಾಖೆಗೆ ತಿಳಿಸಿ.

ಎಲ್ಲ ಸರಿಯಾಗಿದ್ದು ಹತ್ತಿರದ ಒಂದೇ ಮನೆಯ ದೀಪ ಕಣ್ಣು ಕುಕ್ಕುತ್ತಿದ್ದರೆ ಜಾಗ ಬಿಡಬೇಡಿ. ಎರಡನೇ ಸಲ ಹೋಗುವಾಗ ಒಂದು ತಗಡಿನ ಟೊಪ್ಪಿಯನ್ನೂ 9 ವ್ಯಾಟಿನ ಹಳದಿ ಬಲ್ಬನ್ನೂ ಒಯ್ದು, ಮನೆಯವರ ಒಪ್ಪಿಗೆ ಪಡೆದು ಹಾಕಿಕೊಡಿ. ಟೊಪ್ಪಿಯ ಅಂಚು ಬಲ್ಬಿಗಿಂತ ನಾಲ್ಕು ಬೆರಳು ಕೆಳಗಿರಲಿ. ಅಂಗಳಕ್ಕೆ ಬೆಳಕು ಮೊದಲಿಗಿಂತ ಚೆನ್ನಾಗಿ ಬೀಳುತ್ತದೆ, ಗದ್ದೆಯಲ್ಲಿ ಕುಳಿತ ನಿಮಗೆ ಬಲ್ಬೇ ಕಾಣುವುದಿಲ್ಲ.